ಫಾರಂ ಬರೆದರೆ ಮೆಮೋ ಕೊಡ್ತೀರಾ?

ನಾನು ಈಗ ಇಂಜೆಕ್ಷನ್ ಕೊಡುವುದಿಲ್ಲ, ಡ್ರಿಪ್ ಹಾಕುವುದಿಲ್ಲ, ಡ್ರೆಸ್ಸಿಂಗ್ ಮಾಡುವುದಿಲ್ಲ. ಆದರೂ ನರ್ಸ್. ಪಾಂಡವಪುರದಲ್ಲಿರುವ ನಮ್ಮಮ್ಮನಿಗೆ ಇದು ಇನ್ನೂ ಅರ್ಥವಾಗಿಲ್ಲ. "ಸಂಬಳ ಕೊಡ್ತಾರೆ ತಾನೆ? ಸರಿ ಬುಡು" ಎಂದು ಕೇಳುವುದನ್ನೇ ಬಿಟ್ಟಿದ್ದಾಳೆ.

ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದ ಮೇಲೆ ನನ್ನನ್ನು ಪೇಷೆಂಟ್ ಸೇಫ್ಟಿ ನರ್ಸ್ ಎಂದು ಕ್ವಾಲಿಟಿ ವಿಭಾಗಕ್ಕೆ ಹಾಕಿದರು. ವಾಸಿಯಾಗಲು ಬಂದವರಿಗೆ ಆಸ್ಪತ್ರೆಯಿಂದಲೇ ಹೊಸ ತೊಂದರೆ ಆಗದಂತೆ ನೋಡಿಕೊಳ್ಳುವ ಕೆಲಸ ಇದು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹೋಗುವುದು, ಮಂಚದಿಂದ ಬೀಳುವುದು, ಮಲಗಿ ಮಲಗಿ ಬೆನ್ನು ಹುಣ್ಣಾಗುವುದು, ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆ) ಹಾಕಿದ ಕೈ ಊದಿಕೊಳ್ಳುವುದು, ಆಪರೇಷನ್ ಗಾಯಕ್ಕೆ ಸೋಂಕು ತಗಲುವುದು. ಇವೆಲ್ಲ ನನ್ನ ಲೆಕ್ಕಕ್ಕೆ ಬರುತ್ತವೆ.

ನನ್ನನ್ನು ಕರೆದದ್ದು ರೋಗಿಗಳ ಮೇಲಿನ ಪ್ರೀತಿಯಿಂದಲೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಸ್ಪತ್ರೆ ಆಗ ಎನ್‌ಎಬಿಎಚ್ ಮಾನ್ಯತೆಗೆ ತಯಾರಾಗುತ್ತಿತ್ತು. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ, ಭಾರತೀಯ ಗುಣಮಟ್ಟ ಮಂಡಳಿಯ ಕೆಳಗೆ ಬರುವ ಮಂಡಳಿ ಅದು. ಅವರ ಕಡೆಯವರು ಬಂದು ವಾರ್ಡು, ಓಟಿ (ಆಪರೇಷನ್ ಥಿಯೇಟರ್), ಫಾರ್ಮಸಿ, ದಾಖಲೆ ಎಲ್ಲ ತಡಕಾಡುತ್ತಾರೆ. "ಇಲ್ಲಿ ತಪ್ಪು ನಡೆದರೆ ಯಾರು ಬರೆದುಕೊಳ್ಳುತ್ತೀರಿ, ಆಮೇಲೆ ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಒಬ್ಬರು ಬೇಕಿತ್ತು. ನೈಟ್ ಡ್ಯೂಟಿ ಇರುವುದಿಲ್ಲ ಎಂದರು. ನಾನು ಒಪ್ಪಿಕೊಂಡೆ.

ಪ್ರತಿ ವಾರ್ಡಿನಲ್ಲೂ ಗೋಡೆಗೆ ಒಂದು ಪೆಟ್ಟಿಗೆ ಇತ್ತು. ಘಟನೆ ವರದಿಯ ಫಾರಂ ಬರೆದು ಅದರಲ್ಲಿ ಹಾಕಬೇಕು. ಹೊಸ ಕೆಲಸಕ್ಕೆ ಸೇರಿ ಎಲ್ಲ ಪೆಟ್ಟಿಗೆಗಳ ಬೀಗ ತೆಗೆಸಿ ನೋಡಿದೆ. ಒಂದರಲ್ಲಿ ಚಾಕೊಲೇಟ್ ಸುತ್ತಿದ ಕಾಗದ, ಇನ್ನೊಂದರಲ್ಲಿ ಯಾರದೋ ಡ್ಯೂಟಿ ಪಟ್ಟಿ. ಫಾರಂ ಒಂದೂ ಇಲ್ಲ. "ನೋಡಿ, ನಮ್ಮಲ್ಲಿ ತಪ್ಪೇ ಆಗಿಲ್ಲ" ಎಂದು ಆಡಳಿತದವರೊಬ್ಬರು ಖುಷಿಪಟ್ಟರು. ನಾನು ವಾರ್ಡಿನಿಂದ ಬಂದವಳು, ನನಗೆ ಗೊತ್ತಿಲ್ವಾ? ಅಷ್ಟು ಮಂಚ, ಅಷ್ಟು ಔಷಧಿ, ಅಷ್ಟು ಗಡಿಬಿಡಿ ಇರುವ ಕಡೆ ತಿಂಗಳುಗಟ್ಟಲೆ ಒಂದು ಎಡವಟ್ಟೂ ಆಗುವುದಿಲ್ಲ ಅಂದರೆ ಯಾರೂ ಬಾಯಿ ಬಿಡುತ್ತಿಲ್ಲ ಎಂದೇ ಅರ್ಥ.

ಯಾಕೆ ಬರೆಯುವುದಿಲ್ಲ ಎಂದು ವಾರ್ಡ್ ವಾರ್ಡಿಗೂ ಹೋಗಿ ಕೇಳಿದೆ. ಟೈಮಿಲ್ಲ ಮೇಡಂ, ಫಾರಂ ಉದ್ದ ಇದೆ, ಇಂಗ್ಲಿಷಿನಲ್ಲಿದೆ ಅಂದರು. ಕೊನೆಗೆ ಕಾಲೇಜು ಮುಗಿಸಿ ಆಗಷ್ಟೇ ಸೇರಿದ್ದ ಒಬ್ಬ ಹುಡುಗಿ ನೇರವಾಗಿ ಕೇಳಿಯೇಬಿಟ್ಟಳು: "ಫಾರಂ ಬರೆದರೆ ಮೆಮೋ ಕೊಡ್ತೀರಾ?"

ಕೊಡುತ್ತಿದ್ದರು. ಅದೇ ಸಮಸ್ಯೆ. ಹಿಂದೆ ಯಾರಾದರೂ ತಪ್ಪಾಯಿತು ಎಂದು ಹೇಳಿಕೊಂಡರೆ ಮೊದಲು ಮೆಮೋ, ಆಮೇಲೆ ಸಮಜಾಯಿಷಿ ಪತ್ರ, ಆಮೇಲೆ ಎಲ್ಲರ ಮುಂದೆ ಬೈಗುಳ. ಹೇಳದೆ ಸುಮ್ಮನಿದ್ದವರಿಗೆ ಏನೂ ಇಲ್ಲ. ಹೀಗಿದ್ದ ಮೇಲೆ ಯಾರು ಬರೆಯುತ್ತಾರೆ?

ಹಾಗಾಗಿ ಮೊದಲ ಕೆಲಸ ಮೇಲಿನವರಿಂದ ಒಂದು ಪತ್ರಕ್ಕೆ ಸಹಿ ಹಾಕಿಸುವುದಾಯಿತು. ತಾನಾಗಿ ಬಂದು ಹೇಳಿದವರಿಗೆ ಶಿಕ್ಷೆ ಇಲ್ಲ. ಬೇಕೆಂದೇ ಮಾಡಿದ್ದರೆ, ಕುಡಿದು ಡ್ಯೂಟಿಗೆ ಬಂದಿದ್ದರೆ, ಕೇಸ್ ಶೀಟ್ ತಿದ್ದಿ ಮುಚ್ಚಿಹಾಕಿದ್ದರೆ ಮಾತ್ರ ಬೇರೆ ಮಾತು. ಕೇಳಲು ಎಷ್ಟು ಸುಲಭ ಅನ್ನಿಸುತ್ತದೆ ನೋಡಿ. "ಹೀಗೆ ಬಿಟ್ಟರೆ ಶಿಸ್ತು ಎಲ್ಲಿ ಉಳಿಯುತ್ತೆ?" ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಮೀಟಿಂಗ್ ಹೋದವು. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಗಟ್ಟಿಯಾಗಿ ನಿಂತಿದ್ದರಿಂದ ಸಹಿ ಬಿತ್ತು.

ಎರಡು ಪುಟದ ಫಾರಂ ಅರ್ಧ ಪುಟವಾಯಿತು. ಏನಾಯಿತು, ಎಲ್ಲಿ, ಯಾವಾಗ, ರೋಗಿಗೆ ತೊಂದರೆ ಆಯಿತೇ, ಯಾಕೆ ಆಗಿರಬಹುದು. ಇಷ್ಟೇ. ಹೆಸರು ಬೇಕಾದರೆ ಬರೆಯಬಹುದು, ಬೇಡವಾದರೆ ಇಲ್ಲ. ಕನ್ನಡದಲ್ಲೂ ಮಾಡಿಸಿದೆ. ಆಯಾಗಳು, ಹೌಸ್‌ಕೀಪಿಂಗ್‌ನವರು ಬಾಯಲ್ಲಿ ಹೇಳಿದರೂ ಸಾಕು, ನಾನೇ ಬರೆದುಕೊಳ್ಳುತ್ತೇನೆ ಅಂದೆ. ಶುರುವಿನಲ್ಲಿ ಬಂದ ಫಾರಂಗಳಲ್ಲಿ ಒಂದು ಕ್ಯಾಂಟೀನ್ ಸಾಂಬಾರಿನ ಮೇಲಿನ ದೂರು. ಇನ್ನೊಂದು, ಇಂಥವರಿಗೇ ಯಾಕೆ ದಸರಾ ರಜೆ ಕೊಟ್ಟಿರಿ ಎಂಬ ಜಗಳ. ಆದರೂ ಪೆಟ್ಟಿಗೆಗೆ ಕಾಗದ ಬೀಳಲು ಶುರುವಾಯಿತಲ್ಲ!

ಆಮೇಲೆ ಬಂತು ಇನ್ಸುಲಿನ್ ಫಾರಂ. ಈ ಕೆಲಸ ಏನು ಎಂದು ನನಗೇ ಅರ್ಥವಾದದ್ದು ಅದರಿಂದ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ನಿಮಗೂ ಬೇಕಾದ ವಿಷಯ.

ನಮ್ಮ ದೇಶದಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ ಪ್ರತಿ ಎಂಎಲ್‌ಗೆ 100 ಯೂನಿಟ್. ಸಿರಿಂಜೂ ಎರಡು ಬಗೆ. 40ರದ್ದಕ್ಕೆ ಕೆಂಪು ಕ್ಯಾಪು, 100ರದ್ದಕ್ಕೆ ಕಿತ್ತಳೆ ಬಣ್ಣದ ಕ್ಯಾಪು. ಬಾಟಲಿಗೆ ತಕ್ಕ ಸಿರಿಂಜೇ ಬೇಕು. 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಎಂಎಲ್ ಬರುತ್ತದೆ. ಅಂದರೆ 50 ಯೂನಿಟ್. ಕೊಡಬೇಕಾದ್ದು 20, ಹೋಗುವುದು 50. ಮಲಗಿದ ಮನುಷ್ಯನಿಗೆ ನಡುರಾತ್ರಿ ಸಕ್ಕರೆ ಇಳಿದು ಬೆವೆತು ಪ್ರಜ್ಞೆ ತಪ್ಪಲು, ಜೀವಕ್ಕೇ ಕುತ್ತು ಬರಲು ಅಷ್ಟು ಸಾಕು. ಉಲ್ಟಾ ಆದರೆ, ಅಂದರೆ 40ರ ಬಾಟಲಿಗೆ ಕಿತ್ತಳೆ ಕ್ಯಾಪಿನ ಸಿರಿಂಜ್ ಹಿಡಿದರೆ, 20ರ ಗೆರೆಗೆ ಬರುವುದು 8 ಯೂನಿಟ್ ಮಾತ್ರ. ಆಗ ಸಕ್ಕರೆ ಇಳಿಯುವುದೇ ಇಲ್ಲ.

ನಮ್ಮ ವಾರ್ಡಿನಲ್ಲಿ ಆದದ್ದು ಮೊದಲನೆಯದು. ಅಥವಾ ಆಗಬೇಕಿದ್ದದ್ದು. ರಾತ್ರಿ ಪಾಳಿಯ ಹುಡುಗಿ 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿಗೆ ಎಳೆದಿದ್ದಳು. ಇನ್ಸುಲಿನ್ ಕೊಡುವ ಮೊದಲು ಇನ್ನೊಬ್ಬರಿಗೆ ತೋರಿಸಬೇಕು ಎಂಬ ನಿಯಮ ಇದೆ. ಜೊತೆಯಲ್ಲಿದ್ದ ಹಿರಿಯ ಸಿಸ್ಟರ್ ಕ್ಯಾಪ್ ನೋಡಿ ಕೈ ಹಿಡಿದುಕೊಂಡರು. ರೋಗಿಗೆ ಏನೂ ಆಗಲಿಲ್ಲ. ಇಂಥದ್ದಕ್ಕೆ ನಾವು ನಿಯರ್ ಮಿಸ್ ಎನ್ನುತ್ತೇವೆ. ಬೆಳಿಗ್ಗೆ ಇಬ್ಬರೂ ಸೇರಿ ಫಾರಂ ಬರೆದು ಹಾಕಿದ್ದರು, ಹೆಸರಿನ ಸಮೇತ.

ಹಿಂದಿನ ಪದ್ಧತಿಯಾಗಿದ್ದರೆ "ಇನ್ನು ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು" ಎಂದು ಮೆಮೋ ಕೊಟ್ಟು ಫೈಲ್ ಮುಚ್ಚುತ್ತಿದ್ದರು. ನಾವು ಮುಚ್ಚಲಿಲ್ಲ. ಟೊಯೋಟಾ ಕಾರು ಕಾರ್ಖಾನೆಯಿಂದ ಬಂದ ಒಂದು ಪದ್ಧತಿ ಇದೆ: ಬಂದ ಉತ್ತರಕ್ಕೆ ಮತ್ತೆ "ಯಾಕೆ?" ಎಂದು ಕೇಳುತ್ತಾ ಹೋಗುವುದು, ಸುಮಾರು ಐದು ಸಲ. ಯಾಕೆ ಕೆಂಪು ಕ್ಯಾಪಿನದ್ದು ತೆಗೆದುಕೊಂಡೆ? ವಾರ್ಡಿನಲ್ಲಿ ಬೇರೆ ಇರಲಿಲ್ಲ. ಯಾಕಿರಲಿಲ್ಲ? ಫಾರ್ಮಸಿಯಿಂದ ಅದೇ ಬರುವುದು. ಯಾಕೆ ಅದೇ ಬರುತ್ತದೆ? ನಾವು ಇಂಡೆಂಟಿನಲ್ಲಿ, ಅಂದರೆ ಫಾರ್ಮಸಿಗೆ ಕಳಿಸುವ ಬೇಡಿಕೆ ಪಟ್ಟಿಯಲ್ಲಿ, "ಇನ್ಸುಲಿನ್ ಸಿರಿಂಜ್" ಎಂದಷ್ಟೇ ಬರೆಯುತ್ತೇವೆ. ಯಾಕೆ ಹಾಗೆ? ಕಂಪ್ಯೂಟರಿನಲ್ಲಿ ಇರುವುದೇ ಅದೊಂದು ಹೆಸರು. ಯಾಕೆಂದರೆ ಮೊದಲು ವಾರ್ಡಿಗೆ 40ರ ಬಾಟಲಿ ಮಾತ್ರ ಬರುತ್ತಿತ್ತು. ಆಮೇಲೆ ಡಾಕ್ಟರುಗಳು ಹೊಸ ಬಗೆಯ ಇನ್ಸುಲಿನ್ ಬರೆಯತೊಡಗಿದರು. ಬಾಟಲಿ ಬದಲಾಯಿತು, ಪಟ್ಟಿ ಬದಲಾಗಲಿಲ್ಲ. ಸಾಲದ್ದಕ್ಕೆ ಎರಡೂ ಬಗೆಯ ಬಾಟಲಿಗಳು ಫ್ರಿಜ್ಜಿನ ಒಂದೇ ಡಬ್ಬಿಯಲ್ಲಿದ್ದವು.

ಆ ಹುಡುಗಿಯನ್ನು ತೆಗೆದು ಅಲ್ಲಿ ನನ್ನನ್ನು ನಿಲ್ಲಿಸಿದ್ದರೂ ಕೈಗೆ ಸಿಗುತ್ತಿದ್ದದ್ದು ಅದೇ ಸಿರಿಂಜು.

ಈಗ ಫಾರ್ಮಸಿಯಿಂದ 100ರ ಬಾಟಲಿ ಬರುವಾಗ ಕಿತ್ತಳೆ ಕ್ಯಾಪಿನ ಸಿರಿಂಜು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡೇ ಬರುತ್ತದೆ. ಪಟ್ಟಿಯಲ್ಲಿ ಎರಡು ಹೆಸರಿವೆ. ಫ್ರಿಜ್ಜಿನಲ್ಲಿ ಎರಡು ಡಬ್ಬಿ. ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆವು. ಅಷ್ಟರಲ್ಲಿ ನಮ್ಮ ಡಯಟೀಷಿಯನ್ ಒಂದು ಮಾತು ಕೇಳಿದರು: "ಡಿಸ್ಚಾರ್ಜ್ ಆದ ಮೇಲೆ?" ಹೌದಲ್ಲ! ಇಲ್ಲಿ 100ರದ್ದು ಬರೆಸಿಕೊಂಡು ಮಳವಳ್ಳಿ ಕಡೆಯ ಹಳ್ಳಿಗೆ ಹೋದ ಯಜಮಾನರು ಅಲ್ಲಿನ ಮೆಡಿಕಲ್ ಸ್ಟೋರಿನಲ್ಲಿ "ಇನ್ಸುಲಿನ್ ಸೂಜಿ ಕೊಡಿ" ಎನ್ನುತ್ತಾರೆ. ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ. ಅಲ್ಲಿ ಕೈ ಹಿಡಿಯಲು ಹಿರಿಯ ಸಿಸ್ಟರ್ ಇರುವುದಿಲ್ಲ. ಹಾಗಾಗಿ ಈಗ ಮನೆಗೆ ಹೋಗುವವರಿಗೆ ಖಾಲಿ ಸಿರಿಂಜು ಕೈಗೆ ಕೊಟ್ಟು, ಕ್ಯಾಪಿನ ಬಣ್ಣ ತೋರಿಸಿ, ಅವರ ಬಾಯಿಂದಲೇ "ನಂದು ಕಿತ್ತಳೆ" ಎಂದು ಹೇಳಿಸಿ ಕಳಿಸುತ್ತೇವೆ.

ಬ್ರಿಟನ್ನಿನ ಜೇಮ್ಸ್ ರೀಸನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೆಲ್ಲ ತೂತು ತೂತಿರುವ ಚೀಸ್ ಹೋಳುಗಳ ಚಿತ್ರದಲ್ಲಿ ವಿವರಿಸಿದ್ದಾರೆ. ಟ್ರೈನಿಂಗಿನಲ್ಲಿ ಅದನ್ನು ತೋರಿಸಿದಾಗ ಆಯಾಗಳು ಮುಖ ಮುಖ ನೋಡಿಕೊಂಡರು. ಅಂಥ ಚೀಸ್ ಯಾರು ಕಂಡಿದ್ದಾರೆ? ನಾನು ಸೆಟ್ ದೋಸೆ ಅಂದೆ. ಒಂದೊಂದು ದೋಸೆಯೂ ತಪ್ಪನ್ನು ತಡೆಯುವ ಒಂದೊಂದು ಏರ್ಪಾಡು ಅಂದುಕೊಳ್ಳಿ. ಒಂದರ ಮೇಲೊಂದು ನಾಲ್ಕು ದೋಸೆ ಇಟ್ಟರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲ ತೂತೂ ಒಂದೇ ಸಾಲಿಗೆ ಬಂದ ದಿನ ತಪ್ಪು ಸೀದಾ ರೋಗಿಯವರೆಗೆ ಇಳಿಯುತ್ತದೆ. ಆವತ್ತಿನಿಂದ ನಮ್ಮಲ್ಲಿ ಅದಕ್ಕೆ ದೋಸೆ ಪಾಠ ಎಂದೇ ಹೆಸರು.

ಹೆಸರು ಅಂದಾಗ ನೆನಪಾಯಿತು. ರೋಗಿಯನ್ನು ಸರಿಯಾಗಿ ಗುರುತಿಸಿ ಎನ್ನುವುದು ಜಗತ್ತಿನ ಯಾವ ಸೇಫ್ಟಿ ಪುಸ್ತಕ ತೆಗೆದರೂ ಮೊದಲ ಪಾಠ. ಕನಿಷ್ಠ ಎರಡು ಗುರುತು ಬೇಕು, ಮಂಚದ ನಂಬರ್ ಗುರುತಲ್ಲ. ಸಾಮಾನ್ಯವಾಗಿ ಹೆಸರು ಮತ್ತು ಹುಟ್ಟಿದ ದಿನಾಂಕ ಕೇಳುತ್ತಾರೆ. ಇದನ್ನು ಬರೆದವರು ನಮ್ಮ ವಾರ್ಡಿಗೆ ಒಂದು ಸಲ ಬರಬೇಕಿತ್ತು. ನಂಜನಗೂಡು, ಚಾಮರಾಜನಗರ, ಟಿ. ನರಸೀಪುರದ ಕಡೆಯಿಂದ ಬಂದವರ ನಡುವೆ "ಮಹದೇವಮ್ಮ" ಎಂದು ಕರೆದರೆ ಮೂವರು ತಿರುಗಿ ನೋಡುತ್ತಾರೆ. ಹುಟ್ಟಿದ ದಿನಾಂಕವೋ, ಆಧಾರ್ ಕಾರ್ಡಿನಲ್ಲಿ ಅರ್ಧ ಜನರದ್ದು ಜನವರಿ 1. ಅದಕ್ಕಿಂತ ಕಷ್ಟದ್ದು ಅಂದರೆ "ನೀವು ಮಹದೇವಮ್ಮನಾ?" ಎಂದರೆ ಪಕ್ಕದ ಜಯಮ್ಮನೂ "ಹ್ಞೂಂ" ಅನ್ನುವುದು. ಕಿವಿ ಕೇಳಿಸಿರುವುದಿಲ್ಲ. ಇಲ್ಲವೇ ಸಿಸ್ಟರ್ ಕೇಳಿದರಲ್ಲ, ಇಲ್ಲ ಅನ್ನಬಾರದು ಎಂಬ ಮರ್ಯಾದೆ.

ಅದಕ್ಕೇ ನಾವು ಈಗ ಕೇಳುವ ರೀತಿಯನ್ನು ಬದಲಿಸಿದ್ದೇವೆ. "ನಿಮ್ಮ ಹೆಸರು ಹೇಳಿ ಅಮ್ಮ, ಯಾವೂರು?" ಅವರೇ ಹೇಳಬೇಕು. ಆಮೇಲೆ ಕೈಪಟ್ಟಿಯ ಮೇಲಿನ ಆಸ್ಪತ್ರೆ ನಂಬರನ್ನು ಕೇಸ್ ಶೀಟಿಗೆ ತಾಳೆ ನೋಡಬೇಕು. ಊರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನಮ್ಮ ಅಜ್ಜಿಯರು ಬೇರೆ ಏನು ಮರೆತರೂ ಊರಿನ ಹೆಸರು ತಪ್ಪಿಸುವುದಿಲ್ಲ. ಒಂದೇ ಹೆಸರಿನವರು ಇಬ್ಬರಿದ್ದರೆ ಕೇಸ್ ಶೀಟಿನ ಮೇಲೆ ಕೆಂಪು ಸ್ಟಿಕರ್ ಅಂಟಿಸುತ್ತೇವೆ. "ಏಳನೇ ಬೆಡ್‌ಗೆ ಇಂಜೆಕ್ಷನ್ ಆಯ್ತಾ?" ಎನ್ನುವ ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಫ್ಯಾನ್ ಗಾಳಿ ಬರಲ್ಲ, ಬಾತ್‌ರೂಮ್ ದೂರ ಎಂದು ರೋಗಿಗಳು ತಮ್ಮತಮ್ಮಲ್ಲೇ ಮಂಚ ಬದಲಾಯಿಸಿಕೊಳ್ಳುವ ಊರು ನಮ್ಮದು. ಆದ್ದರಿಂದ ಅದು ಹೋಗಲೇಬೇಕು.

ಬೀಳುವುದರ ವಿಷಯ ಇನ್ನೂ ವಿಚಿತ್ರ. ರೋಗಿ ಬೀಳುವ ಅಪಾಯ ಎಷ್ಟು ಎಂದು ನೋಡಲು ಮೋರ್ಸ್ ಎಂಬ ಅಳತೆ ಇದೆ. ಮೊದಲು ಬಿದ್ದಿದ್ದರೆ 25, ಡ್ರಿಪ್ ಅಥವಾ ಕ್ಯಾನುಲಾ ಇದ್ದರೆ 20, ಹೀಗೆ ಅಂಕ ಕೂಡಿಸುತ್ತಾ ಹೋಗಬೇಕು. ನಮ್ಮಲ್ಲಿ 45 ದಾಟಲಿ ಬಿಡಲಿ, ಮುಟ್ಟಿದರೇ ಅಪಾಯ ಜಾಸ್ತಿ ಎಂದು ಹಳದಿ ಪಟ್ಟಿ ಕಟ್ಟುತ್ತೇವೆ. ಲೆಕ್ಕ ಹಾಕಿ ನೋಡಿ: ಮನೆಯಲ್ಲಿ ಜಾರಿಬಿದ್ದು ಬಂದು ಡ್ರಿಪ್ ಹಾಕಿಸಿಕೊಂಡ ಯಾವ ಅಜ್ಜಿಯೂ ಅಲ್ಲಿಗೆ ಮುಟ್ಟಿಯೇಬಿಟ್ಟರು. ಪಟ್ಟಿ ಕಟ್ಟಿದೆವು, ಮಂಚದ ಕಂಬಿ ಏರಿಸಿದೆವು, ಕರೆಗಂಟೆ ತೋರಿಸಿದೆವು. ಆದರೂ ಬೀಳುತ್ತಿದ್ದರು.

ಬಿದ್ದವರನ್ನು ಕೂರಿಸಿಕೊಂಡು ಮಾತಾಡಿಸಿದೆ. ಕೆ.ಆರ್. ಪೇಟೆ ಕಡೆಯ ಒಬ್ಬ ಅಜ್ಜಿ ಅಂದರು: "ನೀವೂ ದಣ್ದಿರ್ತೀರಿ, ನಿಮ್ಗ್ಯಾಕ್ ತೊಂದ್ರೆ ಕೊಡದು ಅಂತ ನಾನೇ ಎದ್ದೆ ಕಣವ್ವ." ಹೊಲದ ಕೆಲಸಕ್ಕೆ ಕತ್ತಲಲ್ಲೇ ಏಳುತ್ತಿದ್ದ ಜೀವ. ಮಗಳು ನೆಲದ ಮೇಲೆ ಚಾಪೆ ಹಾಸಿ ಗಾಢ ನಿದ್ದೆಯಲ್ಲಿದ್ದಾಳೆ. ಅವಳನ್ನು ಎಬ್ಬಿಸದಂತೆ ದಾಟಿಕೊಂಡು ಹೋಗಲು ನೋಡಿದ್ದಾರೆ. ಇನ್ನೊಬ್ಬ ಯಜಮಾನರದ್ದು ಬೇರೆಯೇ ಕಥೆ. ಕರೆಗಂಟೆ ಒತ್ತಲಿಲ್ಲ ಯಾಕೆ ಎಂದರೆ "ಅದು ಕಾಲ ಹತ್ರ ಇತ್ತು" ಅಂದರು. ಹೋಗಿ ನೋಡಿದರೆ ನಿಜ! ಆ ಸಾಲಿನ ಮಂಚಗಳ ತಲೆಭಾಗ ಉತ್ತರಕ್ಕಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ನಾವು ಆ ಕಡೆ ಹೋದ ತಕ್ಷಣ ದಿಂಬನ್ನು ಇತ್ತ ಹಾಕಿಕೊಂಡು ಮಲಗುತ್ತಿದ್ದರು. ಕರೆಗಂಟೆ, ಲೈಟಿನ ಸ್ವಿಚ್ಚು ಎಲ್ಲ ಕಾಲ ಕಡೆಗೆ ಉಳಿಯುತ್ತಿದ್ದವು. ಯಾವ ಇಂಗ್ಲಿಷ್ ಚೆಕ್‌ಲಿಸ್ಟಿನಲ್ಲೂ ಈ ಪ್ರಶ್ನೆ ಇಲ್ಲ. ಮಂಚಗಳನ್ನೇ ತಿರುಗಿಸೋಣ ಅಂದೆ. ಆಕ್ಸಿಜನ್ ಪೈಪ್ ಆ ಗೋಡೆಯಲ್ಲಿದೆ, ಆಗಲ್ಲ ಅಂದರು ಮೇಂಟೆನೆನ್ಸ್‌ನವರು. ಕೊನೆಗೆ ಗಂಟೆಯ ವೈರು ಉದ್ದ ಮಾಡಿಸಿದೆವು. ಬೆಳಗಿನ ಜಾವ ಸಿಸ್ಟರ್ ಅಥವಾ ಆಯಾ ತಾವಾಗಿಯೇ ಹೋಗಿ "ಬಾತ್‌ರೂಮಿಗೆ ಹೋಗಬೇಕಾ ಅಜ್ಜಿ?" ಎಂದು ಕೇಳುವ ಪದ್ಧತಿ ಮಾಡಿದೆವು. ಈ ಎರಡನೆಯದೇ ಹೆಚ್ಚು ಕೆಲಸಕ್ಕೆ ಬಂತು.

ಓಟಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ನನ್ನ ಮಾತು ಜಾಸ್ತಿ ನಡೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಓಟಿ ಬಿಡುವ ಮೊದಲು, ಹೀಗೆ ಮೂರು ಸಲ ನಿಂತು ಜೋರಾಗಿ ಓದಿ ಖಾತ್ರಿ ಮಾಡಿಕೊಳ್ಳಬೇಕು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಒಂದು ಹಾಳೆ ಕಾಗದಕ್ಕೆ ಅದು ಸಣ್ಣ ಸಾಧನೆಯಲ್ಲ. ಆದರೆ ನಾನು ಹೋಗಿ ನೋಡಿದ ದಿನ, ರೋಗಿ ಇನ್ನೂ ಹೊರಗೆ ಸ್ಟ್ರೆಚರ್ ಮೇಲಿದ್ದಾಗಲೇ ಮೂರೂ ಕಾಲಂಗೆ ಟಿಕ್ ಬಿದ್ದಿತ್ತು. "ನನ್ನ ಪೇಷೆಂಟ್ ಯಾರು ಅಂತ ನನಗೆ ಗೊತ್ತಿಲ್ವಾ ಸಿಸ್ಟರ್?" ಎಂದು ಸರ್ಜನ್ ನಕ್ಕರು. ಓಟಿ ಸಿಸ್ಟರ್ ಅವರನ್ನು ನಿಲ್ಲಿಸಿ ಕೇಳಲು ಹೇಗೆ ಸಾಧ್ಯ? ಸಾಧ್ಯವಾದದ್ದು ಅರಿವಳಿಕೆ ಡಾಕ್ಟರ್ ಜೊತೆಗೆ ಬಂದಾಗ. "ಓದಿ ಮುಗಿಸುವ ತನಕ ನಾನು ಶುರು ಮಾಡಿ ಅನ್ನಲ್ಲ" ಎಂದು ಅವರು ಒಂದು ಬೆಳಿಗ್ಗೆ ಹೇಳಿದರು. ನಾನು ವಾರಗಟ್ಟಲೆ ಹೇಳಿದ್ದಕ್ಕಿಂತ ಅದು ಹೆಚ್ಚು ತೂಕದ ಮಾತಾಯಿತು. ಬೇಜಾರಾಯಿತು, ಆದರೆ ಕೆಲಸ ಆಯಿತು.

ಇದರ ನಡುವೆ ಒಂದು ತಮಾಷೆ ನಡೆಯಿತು. ಫಾರಂಗಳು ಜಾಸ್ತಿಯಾಗುತ್ತಾ ಹೋದವು. ತಿಂಗಳ ಮೀಟಿಂಗಿನಲ್ಲಿ ಗ್ರಾಫ್ ಮೇಲೇರಿದ್ದು ನೋಡಿ ಒಬ್ಬರು ಗಾಬರಿಯಾದರು. "ನೀವು ಬಂದ ಮೇಲೆ ತಪ್ಪು ಹೆಚ್ಚಾಗಿದೆಯಲ್ಲ!" ತಪ್ಪು ಹೆಚ್ಚಾಗಿಲ್ಲ ಸಾರ್, ಹೇಳುವುದು ಹೆಚ್ಚಾಗಿದೆ ಅಂದೆ. ಬಂದವುಗಳಲ್ಲಿ ಹೆಚ್ಚಿನವು ನಿಯರ್ ಮಿಸ್, ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದವು. ರೋಗಿಗೆ ನಿಜವಾಗಿ ಪೆಟ್ಟಾದವುಗಳನ್ನು ಬೇರೆ ಗೆರೆಯಲ್ಲಿ ತೋರಿಸಿ ಎಂದು ಸೂಪರಿಂಟೆಂಡೆಂಟ್ ಸಲಹೆ ಕೊಟ್ಟರು. ಅಂದಿನಿಂದ ಎರಡು ಗೆರೆ ಎಳೆಯುತ್ತೇನೆ.

ರೋಗಿಗಳ ಕಡೆಯವರಿಗೂ ಒಂದು ವಿಷಯ ಹೇಳಬೇಕು. ಔಷಧಿಯಿಂದ ಮೈ ತುಂಬಾ ದದ್ದು, ಊತ, ಉಸಿರುಕಟ್ಟುವುದು ಆದರೆ ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ಅದನ್ನು ದಾಖಲು ಮಾಡಿಸಿ. 2010ರಿಂದ ದೇಶದಲ್ಲಿ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಕಾರ್ಯಕ್ರಮ ನಡೆಯುತ್ತಿದೆ, ಗಾಜಿಯಾಬಾದಿನಲ್ಲಿ ಅದರ ಮುಖ್ಯ ಕೇಂದ್ರ. 1800-180-3024ಕ್ಕೆ ಯಾರು ಬೇಕಾದರೂ ಪುಕ್ಕಟೆ ಫೋನ್ ಮಾಡಿ ತಿಳಿಸಬಹುದು, ನರ್ಸೋ ಡಾಕ್ಟರೋ ಆಗಿರಬೇಕಾಗಿಲ್ಲ. ಆಸ್ಪತ್ರೆಗೆ ಬರುವಾಗ ಮನೆಯಲ್ಲಿ ನುಂಗುವ ಮಾತ್ರೆಗಳನ್ನೆಲ್ಲ ಕವರಿನಲ್ಲಿ ಹಾಕಿಕೊಂಡು ಬನ್ನಿ. ನಾಟಿ ಔಷಧಿ ಇದ್ದರೂ ನಾಚಿಕೊಳ್ಳದೆ ಹೇಳಿ. "ಇದು ಯಾವ ಇಂಜೆಕ್ಷನ್ ಸಿಸ್ಟರ್?" ಎಂದು ಕೇಳಿ. ಕೆಲವರು ಮುಖ ಗಂಟಿಕ್ಕಬಹುದು. ಪರವಾಗಿಲ್ಲ, ಕೇಳಿ.

ಈ ಕೆಲಸದಲ್ಲಿ ಕಳೆದುಕೊಂಡದ್ದೂ ಇದೆ. ನಾನು ವಾರ್ಡಿಗೆ ಕಾಲಿಟ್ಟರೆ ಹಳೆಯ ಗೆಳತಿಯರೇ ಮಾತು ನಿಲ್ಲಿಸುತ್ತಾರೆ. "ಪೊಲೀಸ್ ಬಂದ್ರು" ಎಂದು ಪಿಸುಗುಟ್ಟಿದ್ದು ಕೇಳಿದ್ದೇನೆ. ವಾಸಿಯಾಗಿ ಹೋಗುವವರು ಕೈ ಹಿಡಿದುಕೊಂಡು "ಚೆನ್ನಾಗಿರವ್ವ" ಎನ್ನುವುದು ವಾರ್ಡಿನ ಸಿಸ್ಟರಿಗೆ, ನನಗಲ್ಲ. ನಾನು ತಪ್ಪಿಸಿದ್ದು ಯಾರಿಗೂ ಕಾಣುವುದಿಲ್ಲ. ಬೀಳದೆ ಮನೆಗೆ ಹೋದ ಅಜ್ಜಿಗೆ ತಾನು ಬೀಳಬಹುದಿತ್ತು ಎಂಬುದೇ ಗೊತ್ತಿರುವುದಿಲ್ಲ.

ಎನ್‌ಎಬಿಎಚ್ ಮಾನ್ಯತೆ ಸಿಕ್ಕಿತು. ಗೋಡೆಗೆ ಸರ್ಟಿಫಿಕೇಟ್ ಬಂತು, ಎಲ್ಲರಿಗೂ ಮೈಸೂರುಪಾಕ್ ಹಂಚಿದರು. ಆದರೆ ಫಾರಂನ ಕೊನೆಯ ಕಾಲಂ, "ಯಾಕೆ ಆಗಿರಬಹುದು" ಎನ್ನುವುದು, ನನ್ನನ್ನು ಬಿಡುತ್ತಿಲ್ಲ. ರಾತ್ರಿ ಪಾಳಿಯ ಫಾರಂಗಳಲ್ಲಿ ಅಲ್ಲಿ ಪದೇ ಪದೇ ಒಂದೇ ಮಾತು: "ಇಡೀ ವಾರ್ಡಿಗೆ ಇಬ್ಬರೇ ಇದ್ದೆವು." ಇದಕ್ಕೆ ಸ್ಟಿಕರ್ ಅಂಟಿಸಿ, ವೈರು ಉದ್ದ ಮಾಡಿಸಿ ಪರಿಹಾರ ಹುಡುಕಲು ಆಗುವುದಿಲ್ಲ. ಜನ ಬೇಕು, ಜನಕ್ಕೆ ದುಡ್ಡು ಬೇಕು. ಮೀಟಿಂಗಿನಲ್ಲಿ ಎತ್ತಿದೆ. ಬಜೆಟ್ ನೋಡೋಣ ಅಂದರು. ಈಗ ಬೀಳುವ ಘಟನೆ, ಔಷಧಿ ಘಟನೆ ಎಲ್ಲವನ್ನೂ ಗಂಟೆಯ ಪ್ರಕಾರ ವಿಂಗಡಿಸಿ, ಪಕ್ಕದಲ್ಲಿ ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವರ ಸಂಖ್ಯೆ ಬರೆದು ಒಂದು ಹಾಳೆ ಮಾಡುತ್ತಿದ್ದೇನೆ. ಮುಂದಿನ ಮೀಟಿಂಗಿಗೆ ಅದನ್ನೇ ತೆಗೆದುಕೊಂಡು ಹೋಗುತ್ತೇನೆ.